ಹಾಜರಿ ಕೂಗಿದಾಗ ಓಗೊಡದ ಹೆಸರು

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರತಿದಿನ ಬೆಳಗ್ಗೆ ಹಾಜರಿ ಕೂಗಿದವನು ನಾನು. "ಎಸ್ ಸಾರ್", "ಹಾಜರ್ ಸಾರ್" ಎಂಬ ದನಿಗಳ ನಡುವೆ ಒಂದು ಹೆಸರಿಗೆ ಉತ್ತರ ಬಾರದಿದ್ದರೆ, ಪುಸ್ತಕದಲ್ಲಿ ಗೈರುಹಾಜರಿ ಗುರುತಿಸಿ ಮುಂದಿನ ಹೆಸರಿಗೆ ಹೋಗುವುದು ವಾಡಿಕೆ. ಜ್ವರವೋ, ಊರ ಜಾತ್ರೆಯೋ, ಗದ್ದೆಯ ನಾಟಿಯೋ ಕಾರಣವಿರುತ್ತಿತ್ತು. ಆದರೆ ಆ ಮೌನಕ್ಕೆ ಬೇರೆಯೇ ಅರ್ಥವಿದ್ದ ದಿನಗಳೂ ನನ್ನ ವೃತ್ತಿಜೀವನದಲ್ಲಿ ಬಂದಿವೆ. ಕಾಣೆಯಾದ ಮಕ್ಕಳ ವಿಚಾರ ಬಂದಾಗಲೆಲ್ಲ "ಅದು ಪೊಲೀಸರ ಕೆಲಸ, ನಮ್ಮಂಥವರಿಂದ ಏನಾದೀತು?" ಎನ್ನುವವರೇ ಹೆಚ್ಚು. ಏನಾದೀತು ಎಂಬುದನ್ನು ಕಣ್ಣಾರೆ ಕಂಡವನಾದ್ದರಿಂದ ನಾಲ್ಕು ಮಾತು ಬರೆಯಬೇಕೆನಿಸಿತು.

1993ರ ಮಾತು. ಎಂಟನೆಯ ತರಗತಿಯ ಹುಡುಗನೊಬ್ಬ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗೆ ತಂದೆಯ ಸಹಿ ಹಾಕಿಸಲು ಅಂಜಿ, ಶಾಲೆಗೆಂದು ಹೊರಟವನು ಶಾಲೆಗೂ ಬಾರದೆ ಮನೆಗೂ ಹಿಂದಿರುಗದೆ ಹೋದ. ತಂದೆ ಠಾಣೆಗೆ ಹೋದರೆ, "ನೆಂಟರ ಮನೆಗೆ ಹೋಗಿರಬೇಕು, ನಾಳೆ ನೋಡೋಣ" ಎಂಬ ಉತ್ತರ ಬಂತು. ಆ ರಾತ್ರಿ ನಾವು ಶಿಕ್ಷಕರು ಬಸ್ ನಿಲ್ದಾಣ, ಟೂರಿಂಗ್ ಟಾಕೀಸು, ಕೆರೆಯ ಏರಿಯನ್ನೆಲ್ಲ ಲಾಂದ್ರ ಹಿಡಿದು ಸುತ್ತಿದೆವು. ಕೆರೆಯ ನೀರಿನ ಕಡೆ ನೋಡಲು ಆ ತಾಯಿಗೆ ಧೈರ್ಯವಿರಲಿಲ್ಲ.

ಹುಡುಗ ಸಿಕ್ಕಿದ್ದು ಮರುದಿನ ಸಂಜೆ, ಅರಸೀಕೆರೆ ಜಂಕ್ಷನ್ನಿನಲ್ಲಿ. ಪ್ಲಾಟ್‌ಫಾರಂನಲ್ಲಿ ಚಹಾ ಮಾರುತ್ತಿದ್ದವರೊಬ್ಬರು, ಎರಡು ಗಾಡಿಗಳು ಬಂದು ಹೋದರೂ ಸಮವಸ್ತ್ರದ ಬಾಲಕನೊಬ್ಬ ಅದೇ ಬೆಂಚಿನ ಮೇಲೆ ಕುಳಿತಿರುವುದನ್ನು ಗಮನಿಸಿದರು. "ಏಕೆ ಓಡಿಬಂದೆ?" ಎಂದು ಗದರಲಿಲ್ಲ. ಒಂದು ಲೋಟ ಚಹಾ, ಒಂದು ಬನ್ನು ಕೈಗಿತ್ತು, "ಯಾವ ಸ್ಕೂಲಪ್ಪಾ?" ಎಂದಷ್ಟೇ ಕೇಳಿದರು. ಹುಡುಗ ಅಳುತ್ತ ಶಾಲೆಯ ಹೆಸರು ಹೇಳಿದ. ಅವರು ಅವನನ್ನು ಸ್ಟೇಷನ್ ಮಾಸ್ತರರ ಕೊಠಡಿಗೆ ಕರೆದೊಯ್ದರು. ಸುದ್ದಿ ರೈಲ್ವೆ ದೂರವಾಣಿಯಲ್ಲಿ ನಮ್ಮೂರಿನ ನಿಲ್ದಾಣಕ್ಕೂ ಅಲ್ಲಿಂದ ಶಾಲೆಗೂ ತಲುಪಿತು. ಇದರಲ್ಲಿ ಸಾಹಸವೇನೂ ಇಲ್ಲ. ನೂರಾರು ಜನ ನೋಡಿ ದಾಟಿಹೋದ ಮಗುವಿನ ಮುಂದೆ ಒಬ್ಬರು ನಿಂತರು, ಅಷ್ಟೆ.

ಅಂದಿನಿಂದ ಇಂದಿಗೆ ಕಾನೂನು ಬಹಳ ಬದಲಾಗಿದೆ. 'ನಾಳೆ ನೋಡೋಣ' ಎಂಬ ಮಾತಿಗೆ ಈಗ ಅವಕಾಶವಿಲ್ಲ. ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2013ರ ಮೇ 10ರಂದು ನೀಡಿದ ಆದೇಶದಂತೆ, ಮಗು ಕಾಣೆಯಾದ ದೂರು ಬಂದೊಡನೆ ಎಫ್‌ಐಆರ್ ದಾಖಲಾಗಬೇಕು. ಅಪಹರಣವೋ ಸಾಗಣೆಯೋ ಆಗಿರಬಹುದೆಂದು ಭಾವಿಸಿಯೇ ತನಿಖೆ ಆರಂಭವಾಗಬೇಕು. 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ಹಿಂದಕ್ಕೆ ಕಳುಹಿಸುವಂತೆಯೂ ಇಲ್ಲ. ಯಾವ ಠಾಣೆಯಲ್ಲಾದರೂ 'ಜೀರೋ ಎಫ್‌ಐಆರ್' ದಾಖಲಿಸಬಹುದು. ನೆರೆಮನೆಯ ಮಗು ಕಾಣೆಯಾದರೆ ನಾವು ಮಾಡಬಹುದಾದ ಮೊದಲ ಸಹಾಯ, ಕಂಗೆಟ್ಟ ತಂದೆತಾಯಿಯರ ಜೊತೆ ಠಾಣೆಗೆ ಹೋಗಿ ಈ ಮಾತನ್ನು ವಿನಯದಿಂದ, ಆದರೆ ದೃಢವಾಗಿ ಹೇಳುವುದು. ಇತ್ತೀಚಿನ ಭಾವಚಿತ್ರ, ತೊಟ್ಟಿದ್ದ ಬಟ್ಟೆ, ಮಚ್ಚೆ ಗಾಯಗಳ ಗುರುತು, ಸ್ನೇಹಿತರ ಹೆಸರು, ಕೊನೆಯದಾಗಿ ಕಂಡ ಸ್ಥಳ ಮತ್ತು ವೇಳೆ, ಇವನ್ನೆಲ್ಲ ಹೊರಡುವ ಮುನ್ನವೇ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನು, ಒಂಟಿಯಾಗಿ ದಿಕ್ಕೆಟ್ಟು ನಿಂತ ಮಗು ನಮ್ಮ ಕಣ್ಣಿಗೆ ಬಿದ್ದರೆ? ನೆನಪಿಡಬೇಕಾದ ಸಂಖ್ಯೆ 1098. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಮಕ್ಕಳ ಸಹಾಯವಾಣಿ ಈಗ ದೇಶಾದ್ಯಂತ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ತುರ್ತಿಗೆ 112, ರೈಲಿನಲ್ಲಾದರೆ 139. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಪೋಷಕರಿಂದ ಬೇರ್ಪಟ್ಟಂತೆ ಕಾಣುವ ಮಗುವನ್ನು ಕಂಡವರು, ಪ್ರಯಾಣಕ್ಕೆ ಬೇಕಾದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು. ಕರುಣೆಯಿಂದಲೇ ಆದರೂ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ತರವಲ್ಲ. ಅತ್ತ ಹೆತ್ತವರು ಹುಡುಕುತ್ತಿರುತ್ತಾರೆ. ಸುತ್ತ ಜನ ಸೇರಿಸದೆ, ಪ್ರಶ್ನೆಗಳ ಮಳೆಗರೆಯದೆ, ಬರುವವರು ಬರುವ ತನಕ ಜೊತೆಗಿದ್ದರೆ ಸಾಕು.

ಬೇಗ ನೆರವಾಗುವುದರ ಬೆಲೆ ಎಷ್ಟೆಂಬುದನ್ನು ತಿಳಿಯಲು ಸರೂ ಬ್ರೈರ್ಲಿಯವರ ಕಥೆ ಸಾಕು. 1986ರಲ್ಲಿ, ಮಧ್ಯಪ್ರದೇಶದ ಖಂಡ್ವಾದ ಐದು ವರ್ಷದ ಈ ಬಾಲಕ ಬುರ್ಹಾನ್‌ಪುರ ನಿಲ್ದಾಣದಲ್ಲಿ ಅಣ್ಣನಿಂದ ಬೇರ್ಪಟ್ಟು, ಖಾಲಿ ರೈಲು ಹತ್ತಿ ನಿದ್ದೆಹೋಗಿ, ಸುಮಾರು 1,500 ಕಿಲೋಮೀಟರ್ ದೂರದ ಕಲ್ಕತ್ತೆ ಸೇರಿದ. ವಾರಗಟ್ಟಲೆ ಬೀದಿಯಲ್ಲಿ ಅಲೆದವನನ್ನು ಕೊನೆಗೆ ಹದಿಹರೆಯದ ಹುಡುಗನೊಬ್ಬ ಪೊಲೀಸರ ಬಳಿಗೆ ಕರೆದೊಯ್ದ. ಆದರೆ ಮಗು ಉಚ್ಚರಿಸಿದ ಊರ ಹೆಸರು ಯಾರಿಗೂ ಅರ್ಥವಾಗಲಿಲ್ಲ. ತನ್ನ 'ಶೇರು' ಎಂಬ ಹೆಸರೇ ಅವನ ಬಾಯಲ್ಲಿ 'ಸರೂ' ಆಗಿತ್ತು. 1987ರಲ್ಲಿ ಟಾಸ್ಮೇನಿಯಾದ ದಂಪತಿಗಳು ದತ್ತು ಪಡೆದರು. ಗೂಗಲ್ ಅರ್ಥ್‌ನಲ್ಲಿ ರೈಲು ಹಳಿಗಳ ಜಾಡು ಹಿಡಿದು 2011ರಲ್ಲಿ ಊರನ್ನು ಗುರುತಿಸಿ, 2012ರಲ್ಲಿ ಆತ ಬಂದಾಗ, ತಾಯಿ ಅದೇ ಕೇರಿಯಲ್ಲಿ ಕಾಯುತ್ತಿದ್ದಳು! ಕಾಲು ಶತಮಾನ ಕಾದ ಜೀವ ಅದು. ನಿಮ್ಮ ಮನೆಯ ಪುಟ್ಟ ಮಕ್ಕಳಿಗೆ ಅಕ್ಷರಮಾಲೆಗಿಂತ ಮೊದಲೇ ತಮ್ಮ ಪೂರ್ತಿ ಹೆಸರು, ತಂದೆತಾಯಿಯರ ಹೆಸರು, ಊರು, ಜಿಲ್ಲೆ, ಒಂದು ದೂರವಾಣಿ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿರಿ. "ಅಪ್ಪನ ಹೆಸರೇನು?" ಎಂದರೆ "ಅಪ್ಪ" ಎನ್ನುವ ಮಗುವಿನ ಮುದ್ದುತನ ಮನೆಯೊಳಗೆ ಮಾತ್ರ ಚೆನ್ನ.

ವಾಟ್ಸಾಪ್ ವಿಚಾರವನ್ನೂ ಹೇಳಲೇಬೇಕು. ಕಾಣೆಯಾದ ಮಗುವಿನ ಚಿತ್ರ ಬಂದೊಡನೆ ಹತ್ತು ಗುಂಪಿಗೆ ರವಾನಿಸಿ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಅದರಲ್ಲಿ ದಿನಾಂಕವಿದೆಯೇ, ಠಾಣೆಯ ಹೆಸರಿದೆಯೇ ಎಂದು ನೋಡುವವರು ವಿರಳ. ಮಗು ಮನೆ ಸೇರಿ ವರ್ಷಗಳಾದರೂ ಚಿತ್ರ ಸುತ್ತುತ್ತಲೇ ಇರುತ್ತದೆ. ಕೊಟ್ಟ ಸಂಖ್ಯೆಗೆ ಕರೆಮಾಡಿ ಖಚಿತವಾದ ಬಳಿಕವೇ ಕಳುಹಿಸಿ. ಸಿಕ್ಕಿದ ಬಳಿಕ ಅಳಿಸಿ. ರಕ್ಷಿಸಲ್ಪಟ್ಟ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ನಿಷೇಧಿಸುತ್ತದೆ.

ಇದಕ್ಕಿಂತ ಘೋರವಾದುದು 'ಮಕ್ಕಳ ಕಳ್ಳರು' ಎಂಬ ಗಾಳಿಸುದ್ದಿ. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪರಾಧವಾಗಿ, ವಾಟ್ಸಾಪ್ ವದಂತಿ ನಂಬಿದ ಜನ ಮುರ್ಕಿ ಗ್ರಾಮದಲ್ಲಿ ಅವರ ಮೇಲೆರಗಿದರು. ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಅವರೂ ಒಬ್ಬ ತಾಯಿಯ ಮಗ. ಅನುಮಾನ ಬಂದರೆ ವಾಹನದ ಸಂಖ್ಯೆ ಬರೆದುಕೊಂಡು 112ಕ್ಕೆ ಕರೆಮಾಡಬೇಕು, ಕೈಯೆತ್ತಬಾರದು. ಅಪರಿಚಿತರೆಲ್ಲ ಕಳ್ಳರೆಂದು ಮಕ್ಕಳಿಗೆ ಕಲಿಸಿದರೆ, ದಾರಿತಪ್ಪಿದ ದಿನ ಆ ಮಗು ಯಾರ ನೆರವನ್ನು ತಾನೇ ಕೇಳೀತು?

ಹಾಗೆಯೇ, ಎಲ್ಲ ಮಕ್ಕಳೂ ಕದಿಯಲ್ಪಟ್ಟವರಲ್ಲ. ಬೈಗುಳಕ್ಕೆ, ಹೊಡೆತಕ್ಕೆ, ಅಂಕಗಳಿಗೆ ಹೆದರಿ ತಾವಾಗಿ ಹೊರಟವರೂ ಅನೇಕರು. ಅಂಥ ಮಗು ಹಿಂದಿರುಗಿದ ದಿನ ಏಟು ಬಿದ್ದರೆ, ಅದು ಮತ್ತೆ ಹೊರಡುವ ದಾರಿಯನ್ನು ನಾವೇ ತೋರಿಸಿದಂತೆ. ಮೊದಲು ಊಟ, ನಿದ್ದೆ; ವಿಚಾರಣೆಯೆಲ್ಲ ಆಮೇಲೆ.

ನನ್ನ ಶಿಷ್ಯರಲ್ಲಿ ಇಂದು ಬಸ್ ನಿರ್ವಾಹಕರಿದ್ದಾರೆ, ಆಟೋ ಓಡಿಸುವವರಿದ್ದಾರೆ, ಹೋಟೆಲು, ಗ್ಯಾರೇಜು, ಔಷಧದ ಅಂಗಡಿ ನಡೆಸುವವರಿದ್ದಾರೆ. ದಾರಿ ತಪ್ಪಿದ ಮಗು ಮೊದಲು ಬರುವುದು ನಿಮ್ಮ ಎದುರಿಗೇ. ಹೋಟೆಲಿನಲ್ಲಿ ಲೋಟ ತೊಳೆಯುತ್ತಿರುವ ಹುಡುಗ ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಾಗಿದ್ದಾನೋ ಯಾರು ಬಲ್ಲರು? ಒಮ್ಮೆ ನಿಂತು, "ಯಾವ ಊರಪ್ಪಾ?" ಎಂದು ಕೇಳಿ. ಉತ್ತರ ತಡವರಿಸಿದರೆ 1098ಕ್ಕೆ ಕರೆಮಾಡಿ. ಈ ಮೇಷ್ಟ್ರು ನಿಮಗೆ ಕೊಡುತ್ತಿರುವ ಮನೆಗೆಲಸ ಇಷ್ಟೇ.