ಮೂರನೆಯ ಬಾಬತ್ತು

ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಸವೆಸಿ ಶಿರಸ್ತೇದಾರರಾಗಿ ನಿವೃತ್ತರಾದ ಹಾಸನದ ಯಜಮಾನರೊಬ್ಬರು ಮಗನ ಮನೆಗೆಂದು ಅಮೆರಿಕದ ಡಲ್ಲಾಸ್‌ಗೆ ಹೋಗಿದ್ದರು. ಮೊದಲ ಹದಿನೈದು ದಿನ ದೇವಸ್ಥಾನ, ಅಂಗಡಿ, ಗೆಳೆಯರ ಮನೆಯ ಊಟ ಎಂದು ಕಳೆಯಿತು. ಆಮೇಲೆ ಕೂರಲು ಜಗಲಿಯಿಲ್ಲ, ಹರಟೆಗೆ ಜನವಿಲ್ಲ. ಅಂಥ ಹೊತ್ತಿನಲ್ಲಿ ಊಟದ ಮೇಜಿನ ಮೇಲೆ ಇನ್ನೂರಕ್ಕೂ ಹೆಚ್ಚು ಪುಟಗಳ ಕಾಗದದ ಕಟ್ಟೊಂದು ಬಂದು ಕುಳಿತಿತು.

ಮಗ ಸಾಫ್ಟ್‌ವೇರ್ ಎಂಜಿನಿಯರ್. ಆ ವರ್ಷ ಕೆಲಸ ಹೋಗಿತ್ತು. ಇನ್ನೊಬ್ಬರ ಕೈಕೆಳಗೆ ದುಡಿದದ್ದು ಸಾಕು, ಒಂದು ವ್ಯಾಯಾಮಶಾಲೆ ತೆರೆಯೋಣ ಎಂದು ಅವನ ಮನಸ್ಸು ಹೊರಳಿತ್ತು. ಸ್ವಂತ ಹೆಸರಿನಲ್ಲಲ್ಲ, ಹೆಸರು ಮಾಡಿದ ಕಂಪನಿಯೊಂದರ ಫ್ರಾಂಚೈಸಿಯಾಗಿ. ಎಂದರೆ ಹಣ, ಬಾಡಿಗೆ, ಯಂತ್ರ, ನೌಕರರು ಎಲ್ಲ ಇವನದು. ಬೋರ್ಡು ಮತ್ತು ಪದ್ಧತಿ ಮಾತ್ರ ಕಂಪನಿಯದು. ಅದಕ್ಕಾಗಿ ಮೊದಲಿಗೊಂದು ದೊಡ್ಡ ಶುಲ್ಕ, ಆಮೇಲೆ ತಿಂಗಳು ತಿಂಗಳೂ ರಾಯಲ್ಟಿ. ಈ ರಾಯಲ್ಟಿ ಸಾಮಾನ್ಯವಾಗಿ ಒಟ್ಟು ವಸೂಲಾತಿಯ ಮೇಲೆ, ಲಾಭದ ಮೇಲಲ್ಲ. ನಷ್ಟವಾದ ತಿಂಗಳೂ ಕಟ್ಟಬೇಕು.

ಉಳಿತಾಯವೆಲ್ಲ ಸುರಿದರೂ ಹಣ ಸಾಲದು. “ಅಪ್ಪ, ಹಾಸನದ ಸೈಟು ಸುಮ್ಮನೆ ಬಿದ್ದಿದೆಯಲ್ಲ” ಎಂದು ಮಗ ಅಳುಕುತ್ತಲೇ ಕೇಳಿದ್ದ. ತಂದೆ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. “ಆ ಕಾಗದ ಇತ್ತ ಕೊಡಪ್ಪ, ನೋಡೋಣ” ಎಂದರು.

ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರು ಇಂಥದೊಂದು ಕಟ್ಟನ್ನು ಕೊಡಲೇಬೇಕು. ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಆಯೋಗ 1978ರಲ್ಲಿ ಹೊರಡಿಸಿ 2007ರಲ್ಲಿ ತಿದ್ದಿದ ನಿಯಮದ ಪ್ರಕಾರ ಅದರಲ್ಲಿ 23 ಬಾಬತ್ತುಗಳು. ಸಹಿ ಹಾಕುವ, ಹಣ ಕಟ್ಟುವ ಮುನ್ನ ಕನಿಷ್ಠ 14 ದಿನ ಅದು ಕೊಳ್ಳುವವನ ಕೈಯಲ್ಲಿರಬೇಕು. ಆದರೆ ಅದರ ಮುಖಪುಟದಲ್ಲೇ, ಇಲ್ಲಿರುವ ಸಂಗತಿಯನ್ನು ಯಾವ ಸರ್ಕಾರಿ ಕಚೇರಿಯೂ ತಾಳೆ ನೋಡಿಲ್ಲ ಎಂಬ ಎಚ್ಚರಿಕೆಯೂ ಇರುತ್ತದೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ನೋಂದಣಿಯ ಕಟ್ಟುಪಾಡು ಉಂಟು. ಟೆಕ್ಸಾಸ್ ಆ ಗುಂಪಿಗೆ ಸೇರಿದ್ದಲ್ಲ.

ಮಗ ಓದಿದ್ದು ಖರ್ಚಿನ ಪಟ್ಟಿ, ಯಂತ್ರಗಳ ವಿವರ. ತಂದೆಯ ಕೈ ತಾನಾಗಿ ಮೂರನೆಯ ಬಾಬತ್ತಿಗೆ ಹೋಯಿತು. ಅದರ ತಲೆಬರಹ ‘ಲಿಟಿಗೇಷನ್’. ವಾದಿ, ಪ್ರತಿವಾದಿ, ಕೋರ್ಟು, ನಂಬರು, ದಾವೆ ಹೂಡಿದ ತಾರೀಖು. ಪರಊರಿನ ಸಂತೆಯಲ್ಲಿ ಪರಿಚಯದ ಮುಖ ಕಂಡಂತಾಯಿತು ಅವರಿಗೆ.

ಎರಡು ಪುಟದಲ್ಲಿದ್ದದ್ದು ಎರಡೇ ಸಂಗತಿ. ಒಂದು, ಇಬ್ಬರು ಫ್ರಾಂಚೈಸಿಗಳು ಕಂಪನಿಯ ಮೇಲೆ ಹಾಕಿದ ವಂಚನೆಯ ದಾವೆ. ‘ಒಂದೂವರೆ ವರ್ಷದಲ್ಲಿ ಹಾಕಿದ ಹಣ ಕೈಸೇರುತ್ತದೆ ಎಂದು ಮಾರಾಟದವರು ಬಾಯಿಮಾತಿನಲ್ಲಿ ನಂಬಿಸಿದರು’ ಎಂಬುದು ಅವರ ದೂರು. ಇನ್ನೂ ತೀರ್ಮಾನವಾಗಿರಲಿಲ್ಲ. ಎರಡು, ಹಿಂದಿನ ವರ್ಷ ಕಂಪನಿಯೇ ಐವರು ಫ್ರಾಂಚೈಸಿಗಳ ಮೇಲೆ ಹೂಡಿದ ರಾಯಲ್ಟಿ ವಸೂಲಿ ದಾವೆಗಳು.

“ನಿನಗೂ ಯಾರಾದರೂ ಒಂದೂವರೆ ವರ್ಷ ಅಂದಿದ್ದರೇನಪ್ಪ?”

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಅಂದಿದ್ದರು, ಕಾಫಿ ಕುಡಿಸಿ ಅಂದಿದ್ದರು. ಆದರೆ ಗಳಿಕೆಯ ಬಗ್ಗೆ ಏನೇ ಭರವಸೆ ಕೊಡುವುದಿದ್ದರೂ ಅದನ್ನು ಆಧಾರ ಸಹಿತ ಹತ್ತೊಂಬತ್ತನೆಯ ಬಾಬತ್ತಿನಲ್ಲಿ ಬರೆಯಬೇಕೆಂಬುದು ನಿಯಮ. ಅಲ್ಲಿ ತಿರುವಿ ನೋಡಿದರೆ, ‘ಗಳಿಕೆಯ ಬಗ್ಗೆ ನಾವು ಯಾವ ಮಾತನ್ನೂ ಕೊಡುವುದಿಲ್ಲ’ ಎಂದಿತ್ತು.

“ದಾವೆ ಹಾಕಿದ ಮಾತ್ರಕ್ಕೆ ಅದು ನಿಜ ಅಂತಲ್ಲ” ಎಂದರು ಶಿರಸ್ತೇದಾರರು. ಸುಳ್ಳು ದಾವೆಗಳನ್ನೂ ಅವರು ಸಾಕಷ್ಟು ನಂಬರು ಮಾಡಿ ಒಳಗೆ ಕಳಿಸಿದವರೇ. “ಆದರೆ ಅವರಿಗೆ ಹೇಳಿದ್ದಾರೆನ್ನುವ ಮಾತನ್ನೇ ನಿನಗೂ ಹೇಳಿದ್ದಾರಲ್ಲ. ಇನ್ನು ಆ ಐದು ವಸೂಲಿ ದಾವೆ. ಬಾಕಿ ಉಳಿಸಿಕೊಂಡವನೊಬ್ಬ ಮೊಂಡನಿರಬಹುದು. ಐದು ಜನವೂ ಮೊಂಡರೇ?”

ಫೆಡರಲ್ ಕೋರ್ಟಿನ ಕಡತಗಳು ಅಲ್ಲಿ ಪುಟಕ್ಕೆ 10 ಸೆಂಟಿನಂತೆ ಕಂಪ್ಯೂಟರಿನಲ್ಲೇ ಸಿಗುತ್ತವೆ. ವಂಚನೆಯ ದಾವೆಯ ಅರ್ಜಿಯನ್ನು ಮಗ ಅಂದೇ ರಾತ್ರಿ ತರಿಸಿದ. ನಕಲು ಅರ್ಜಿ ಕೊಟ್ಟು ವಾರಗಟ್ಟಲೆ ಅಲೆಯುವ ಕಕ್ಷಿಗಾರರನ್ನು ನೋಡಿದ್ದ ತಂದೆಗೆ ಇದೊಂದು ಬೆರಗು.

ಇನ್ನು ಕಟ್ಟಿನಲ್ಲಿ ಬರೆಯದೆ ಬಿಟ್ಟದ್ದರ ಲೆಕ್ಕ. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಲ್ಲಿ ಹೊಂದಿಕೆಯಾದ ರೀಡಿಂಗುಗಳನ್ನಷ್ಟೇ ಬರೆದು ತರುವ ಹುಡುಗರನ್ನು ಯಾವ ಶಾಲೆ ಕಂಡಿಲ್ಲ! ಇಲ್ಲಿ ಕಂಪನಿ ಹಾಗೆ ಮಾಡಿತ್ತು ಎಂದಲ್ಲ. ನಿಯಮವೇ ಕೆಲವನ್ನು ಬಿಡಲು ಅವಕಾಶ ಕೊಡುತ್ತದೆ. ಮುಗಿದುಹೋದ ದಾವೆಗಳ ಪೈಕಿ ಬರೆಯಬೇಕಾದದ್ದು ಕಳೆದ 10 ವರ್ಷಗಳಲ್ಲಿ ಕಂಪನಿ ಹೊಣೆಯಾದವುಗಳನ್ನು ಮಾತ್ರ. ವಜಾ ಆದದ್ದು ಬರುವುದಿಲ್ಲ. ಜಾರಿ ಬಿದ್ದ ಸದಸ್ಯ ಹಾಕುವಂಥ ವ್ಯಾಪಾರದ ಮಾಮೂಲಿ ದಾವೆ, ಅದು ಭಾರಿಯದಲ್ಲದಿದ್ದರೆ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಬಿಡುವು ಬೇರೆಯೇ: ಹಣ ಕಳೆದುಕೊಂಡವನ ಬಳಿ ವಕೀಲರಿಗೆ ಕೊಡಲು ಹಣ ಎಲ್ಲಿರುತ್ತದೆ? ಅವನು ಬಾಗಿಲು ಮುಚ್ಚಿ ಹೋಗುತ್ತಾನೆ, ಅಷ್ಟೆ. ಮೂರನೆಯ ಬಾಬತ್ತಿಗೆ ಅವನ ಸುದ್ದಿಯೇ ಗೊತ್ತಿಲ್ಲ.

ಅವನು ಸಿಗುವುದು ಇಪ್ಪತ್ತನೆಯ ಬಾಬತ್ತಿನಲ್ಲಿ. ಮೂರು ವರ್ಷಗಳಲ್ಲಿ ಎಷ್ಟು ಶಾಖೆ ತೆರೆದವು, ಎಷ್ಟು ಮುಚ್ಚಿದವು, ಎಷ್ಟು ಕೈಬದಲಾದವು ಎಂಬ ಕೋಷ್ಟಕಗಳು ಅಲ್ಲಿರುತ್ತವೆ. ಹತ್ತನೆಯ ತರಗತಿಯ ಮೊಮ್ಮಗಳು ಪೆನ್ಸಿಲು ಹಿಡಿದು ಕೂತಳು. ಒಟ್ಟು ಸಂಖ್ಯೆಯೇನೋ ವರ್ಷವರ್ಷಕ್ಕೆ ಏರಿತ್ತು, ಕರಪತ್ರದಲ್ಲಿ ಅದೇ ದೊಡ್ಡಕ್ಷರದಲ್ಲಿತ್ತು. “ತಾತ, ಹೊಸದು ತೆರೆಯೋದು ಜಾಸ್ತಿ ಇರೋದ್ರಿಂದ ಮುಚ್ಚಿದ್ದು ಕಾಣ್ತಿಲ್ಲ” ಎಂದಳು. ತೂತಿರುವ ತೊಟ್ಟಿಯ ಲೆಕ್ಕ ಅವಳು ಶಾಲೆಯಲ್ಲಿ ಮಾಡಿದ್ದಳು. ನಲ್ಲಿ ಜೋರಾಗಿದ್ದರೆ ತೊಟ್ಟಿ ತುಂಬುತ್ತಲೇ ಇರುತ್ತದೆ, ಸೋರುವುದು ನಿಂತಿರುವುದಿಲ್ಲ.

ಇದೇ ಟೆಕ್ಸಾಸಿನಲ್ಲಿ 1992ರಲ್ಲಿ ಹುಟ್ಟಿದ ‘ಕರ್ವ್ಸ್’ ಎಂಬ ಮಹಿಳೆಯರ ವ್ಯಾಯಾಮಶಾಲೆ 2000ದ ದಶಕದ ನಡುವಿನ ಹೊತ್ತಿಗೆ ಜಗತ್ತಿನಾದ್ಯಂತ ಹತ್ತು ಸಾವಿರದ ಆಸುಪಾಸಿಗೆ ಬೆಳೆದು, ಮುಂದೆ ಅಮೆರಿಕದಲ್ಲಿ ಸಾವಿರಾರು ಶಾಖೆಗಳನ್ನು ಕಳೆದುಕೊಂಡಿತು. 1965ರ ಹಳೆಯ ಹೆಸರಾದ ‘ಗೋಲ್ಡ್ಸ್ ಜಿಮ್’ 2020ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಏರುವ ಸಂಖ್ಯೆ ಏರುತ್ತಲೇ ಇರುತ್ತದೆಂಬ ನಿಯಮ ಪ್ರಕೃತಿಯಲ್ಲೂ ಇಲ್ಲ.

ಆ ಬಾಬತ್ತಿನ ಕೊನೆಗೆ, ಹಿಂದಿನ ವರ್ಷ ಬಿಟ್ಟುಹೋದವರ ಹೆಸರು, ಊರು, ಫೋನ್ ನಂಬರಿನ ಪಟ್ಟಿ ಇರುತ್ತದೆ. “ಸಾಕ್ಷಿಗಳ ಪಟ್ಟಿಯನ್ನು ಅವರೇ ಕೊಟ್ಟಿದ್ದಾರಲ್ಲಪ್ಪ” ಎಂದು ಹಿರಿಯರಿಗೆ ಖುಷಿಯೋ ಖುಷಿ. ಮಗ ಏಳು ಜನಕ್ಕೆ ಫೋನು ಮಾಡಿದ. ಮೂವರು ಎತ್ತಲಿಲ್ಲ. ಒಬ್ಬಾಕೆ, ಮಗು ಹುಟ್ಟಿತೆಂದು ಒಳ್ಳೆಯ ಬೆಲೆಗೆ ಮಾರಿದೆ, ಕಂಪನಿ ಒಳ್ಳೆಯದು ಎಂದಳು. ಅದನ್ನೂ ಮೊಮ್ಮಗಳು ಬರೆದುಕೊಂಡಳು. ಇಬ್ಬರು, ಮಾತಾಡಬಾರದೆಂದು ಕಾಗದಕ್ಕೆ ಸಹಿ ಹಾಕಿದ್ದೇವೆ, ಕ್ಷಮಿಸಿ ಎಂದರು. ಅಂಥ ಬಾಯಿಕಟ್ಟಿನ ಕರಾರು ಇದ್ದರೆ ಅದನ್ನೂ ಆ ಬಾಬತ್ತಿನಲ್ಲೇ ಹೇಳಬೇಕು. ಹೇಳಿತ್ತು, ಇವನು ಓದಿರಲಿಲ್ಲ. ಏಳನೆಯವನು ಒಂದು ಗಂಟೆ ಮಾತಾಡಿದ. ಶಾಲೆ ಮುಚ್ಚಿ ಎರಡು ವರ್ಷವಾಗಿದ್ದರೂ ಆ ಮಳಿಗೆಯ ಬಾಡಿಗೆಯನ್ನು ಆತ ಇನ್ನೂ ಕಟ್ಟುತ್ತಿದ್ದ. ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದನಂತೆ.

ಭಾರತದಲ್ಲಿ ಫ್ರಾಂಚೈಸಿಗೆಂದೇ ಇಂಥ ಕಾಯಿದೆಯಿಲ್ಲ. ಇರುವುದು 1872ರ ಕರಾರು ಕಾಯಿದೆ. ಅದರ 17ನೆಯ ಕಲಮಿನ ವಿವರಣೆಯನ್ನು ಹಿರಿಯರು ಬಾಯಿಪಾಠ ಹೇಳಬಲ್ಲರು: ಹೇಳುವ ಕರ್ತವ್ಯವಿಲ್ಲದ ಕಡೆ ಸುಮ್ಮನಿರುವುದಷ್ಟೇ ಮೋಸವಲ್ಲ. “ನಮ್ಮಲ್ಲಿ ಕೇಳದಿದ್ದರೆ ಹೇಳೋದಿಲ್ಲ. ಇಲ್ಲಿ ಹೇಳ್ತಾರೆ, ಓದೋರಿಲ್ಲ” ಎಂದು ನಕ್ಕರು. ಕೇಳುವುದಕ್ಕೆ ನಮ್ಮಲ್ಲೂ ಈಗ ದಾರಿಯುಂಟು. ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರು ಕೊಟ್ಟು ಜಿಲ್ಲಾ ನ್ಯಾಯಾಲಯಗಳ ಮೊಕದ್ದಮೆಗಳನ್ನು ಬಿಟ್ಟಿಯಾಗಿ ಹುಡುಕಬಹುದು.

ಹದಿನೈದನೆಯ ದಿನ ಬೆಳಿಗ್ಗೆಯೇ ಮಾರಾಟದವನ ಫೋನು ಬಂತು. ಒಂದೂವರೆ ವರ್ಷದ ಮಾತನ್ನು ಬರೆದುಕೊಡುವಿರಾ ಎಂದು ಮಗ ಕೇಳಿದ. ವಿಚಾರಿಸಿ ತಿಳಿಸುತ್ತೇನೆ ಎಂದವನು ಮತ್ತೆ ಫೋನು ಮಾಡಲಿಲ್ಲ. ಆರು ತಿಂಗಳ ಮೇಲೆ ಮಗನಿಗೆ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ವ್ಯಾಯಾಮಶಾಲೆಯ ಆಸೆ ಪೂರ್ತಿ ಹೋಗಿಲ್ಲವೆಂದು ಸೊಸೆ ಹೇಳುತ್ತಾಳೆ.

ಹಾಸನಕ್ಕೆ ಮರಳಿದ ಹಿರಿಯರು ಮರುದಿನವೇ ನಗರಸಭೆಗೆ ಹೋಗಿ ಸೈಟಿನ ಕಂದಾಯ ಕಟ್ಟಿ ಬಂದರು.