ಗಣಿಯೊಳಗೆ ಎರಡು ಗಳಿಗೆ

ಪರದೇಶಕ್ಕೆ ಹೋದವರು ಅರಮನೆಗಳನ್ನೂ ದೊಡ್ಡ ದೊಡ್ಡ ಇಗರ್ಜಿಗಳನ್ನೂ ನೋಡಿ ಬರುವುದು ವಾಡಿಕೆ. ಮುಚ್ಚಿಹೋದ ಕಲ್ಲಿದ್ದಲ ಗಣಿಯೊಂದನ್ನು ನೋಡಲು ಅಲ್ಲಿ ಜನರು ಸಾಲುಗಟ್ಟಿ ನಿಲ್ಲುವರೆಂದು ಹೇಳಿದರೆ ನಮ್ಮ ಮನೆಯವರು ನಂಬಲೇ ಇಲ್ಲ. ಅಳಿಯಂದಿರು ವೇಲ್ಸ್ ದೇಶದಲ್ಲಿ ಉದ್ಯೋಗದಲ್ಲಿರುವುದರಿಂದ, ಹೋದ ವರ್ಷ ಮಗಳ ಮಗನೊಡನೆ ಅಲ್ಲಿಯ ಬ್ಲೈನಾವನ್ ಎಂಬ ಊರಿನ ಬಿಗ್ ಪಿಟ್ ಗಣಿಯನ್ನು ನೋಡುವ ಯೋಗ ನಮಗೆ ಒದಗಿತು. ಹುಡುಗನಿಗೆ ಆಗ ಹತ್ತು ವರ್ಷ ತುಂಬಿತ್ತು.

ಬಿಗ್ ಪಿಟ್ ಎಂದರೆ ದೊಡ್ಡ ಗುಂಡಿ. 1860ರ ಸುಮಾರಿಗೆ ತೋಡಿದುದು. ಬಂಡಿಗಳ ಎರಡು ಜೊತೆ ಹಳಿಗಳು ಹಿಡಿಸುವಷ್ಟು ಅದರ ಬಾವಿ ಅಗಲವಾಗಿದ್ದುದರಿಂದ ಆ ಹೆಸರು. 1908ರಲ್ಲಿ ಇಲ್ಲಿ ಸಾವಿರಕ್ಕೂ ಮಿಕ್ಕಿ ಜನರು ದುಡಿಯುತ್ತಿದ್ದರು. 1980ರಲ್ಲಿ ಗಣಿಯು ಮುಚ್ಚಿತು. 1983ರಲ್ಲಿ ನೋಟಕರಿಗಾಗಿ ತೆರೆಯಿತು. 2000ದಲ್ಲಿ ಯುನೆಸ್ಕೋ ಸಂಸ್ಥೆಯು ಆ ಸೀಮೆಯನ್ನೇ ವಿಶ್ವಪರಂಪರೆಯ ತಾಣಗಳಲ್ಲಿ ಸೇರಿಸಿತು. ಜನರು ಬೆವರನ್ನೂ ಪ್ರಾಣವನ್ನೂ ಸುರಿಸಿದ ಸ್ಥಳವನ್ನು ವಿಹಾರಸ್ಥಾನವಾಗಿ ಮಾಡುವುದು ಉಚಿತವೇ ಎಂಬ ಶಂಕೆಯನ್ನು ನಾವು ಮನಸ್ಸಿನಲ್ಲಿಟ್ಟುಕೊಂಡೇ ಹೋಗಿದ್ದೆವು.

ಇಳಿಯುವ ಮುನ್ನ ಕೈಗಡಿಯಾರ, ಬೆಂಕಿಪೆಟ್ಟಿಗೆ, ಮೊಬೈಲು ಎಲ್ಲವನ್ನೂ ಒಪ್ಪಿಸಬೇಕು. ಕಲ್ಲಿದ್ದಲ ಪದರಗಳಿಂದ ಹೊರಡುವ ಮೀಥೇನ್ ಎಂಬ ಅನಿಲಕ್ಕೆ ಒಂದು ಕಿಡಿ ಸಾಕು. ತಲೆಗೆ ಟೋಪಿ, ಹಣೆಯ ಮೇಲೆ ದೀಪ, ಸೊಂಟಕ್ಕೆ ಬ್ಯಾಟರಿಯ ಪಟ್ಟಿ. ಈ ವೇಷದಲ್ಲಿ ತಾತನನ್ನು ನೋಡಿ ಮೊಮ್ಮಗನು ನಕ್ಕುದೇ ನಕ್ಕುದು. ಪಂಜರದಂಥ ತೊಟ್ಟಿಲು ನಮ್ಮನ್ನು 90 ಮೀಟರು ಕೆಳಕ್ಕೆ ಇಳಿಸಿತು. ದಾರಿ ತೋರಿಸಿದವರು ಹಿಂದೆ ಗಣಿಯಲ್ಲಿ ದುಡಿದವರೇ. ಅವರ ಕೈಮೇಲೆ ನೀಲಿ ಗೆರೆಗಳಿದ್ದವು. ಗಾಯದೊಳಗೆ ಕಲ್ಲಿದ್ದಲ ಪುಡಿ ಸೇರಿ ಮಾಗಿದರೆ ಹಾಗಾಗುವುದಂತೆ. ನಮ್ಮ ಶಂಕೆಯು ಅರ್ಧಕ್ಕರ್ಧ ಅಲ್ಲಿಯೇ ತೀರಿತು. ಇಂಥವರ ತರುವಾಯ ಆ ಸ್ಥಳದ ಕಥೆಯನ್ನು ಯಾರು ಹೇಳುವರೋ, ಅದು ಬೇರೆ ಮಾತು.

ಸುರಂಗದಲ್ಲಿ ಒಂದು ಮರದ ಬಾಗಿಲ ಬಳಿ ಅವರು ನಿಂತರು. ಹೊರಗಿನ ಗಾಳಿ ಅಡ್ಡದಾರಿ ಹಿಡಿಯದೆ ಕೆಲಸ ನಡೆಯುವ ಎಡೆಗೇ ತಲಪಲೆಂದು ಇಂಥ ಬಾಗಿಲುಗಳು. ಬಂಡಿ ಬಂದಾಗ ಮಾತ್ರ ತೆರೆದು ಒಡನೆ ಮುಚ್ಚಬೇಕು. ಆ ಕಾಲದ ಗಣಿಗಳಲ್ಲಿ ಇದಕ್ಕೆ ಆರೇಳು ವರ್ಷದ ಮಕ್ಕಳು ಕಾವಲು! "ಎಲ್ಲರೂ ದೀಪವಾರಿಸಿರಿ" ಎಂದರು. ಆರಿಸಿದೆವು.

ಗಾಢವಾದ ಕತ್ತಲೆಗೆ ಅಂಧತಮಸವೆಂದೂ, ತೆಳುವಾದುದಕ್ಕೆ ಅವತಮಸವೆಂದೂ, ಎಲ್ಲೆಡೆ ಹಬ್ಬಿದುದಕ್ಕೆ ಸಂತಮಸವೆಂದೂ ಅಮರಕೋಶದಲ್ಲಿ ಭೇದವಿದೆ. ವರ್ಷಗಟ್ಟಲೆ ಅದನ್ನು ಬಾಯಿಪಾಠ ಮಾಡಿಸಿದ್ದ ನಮಗೆ ಮೊದಲ ಶಬ್ದದ ಅರ್ಥವು ಕಣ್ಣೆದುರಿಗೆ ಹಿಡಿದ ನಮ್ಮ ಕೈಯೇ ಕಾಣದಾದಾಗ ತಿಳಿಯಿತು. ಆ ಕತ್ತಲೆಯಲ್ಲಿ ಮೊಮ್ಮಗನ ಧ್ವನಿ: "ತಾತ, ಆ ಹುಡುಗರ ಹತ್ತಿರ ದೀಪ ಇರಲಿಲ್ಲವೇ?" ಎಣ್ಣೆಗೆ ಕಾಸಿಲ್ಲದವರು ಹೀಗೆಯೇ ಕುಳಿತಿರುತ್ತಿದ್ದರಂತೆ, ದಿನಕ್ಕೆ ಹನ್ನೆರಡು ತಾಸು.

1842ರ ಶಾಸನವು ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಗಿಳಿಸಕೂಡದೆಂದು ವಿಧಿಸಿತು. 1860ರ ಶಾಸನವು ಆ ವಯಸ್ಸನ್ನು ಹನ್ನೆರಡಕ್ಕೇರಿಸಿತು. ಆದರೆ ಓದುಬರಹ ಬಲ್ಲನೆಂಬ ಪ್ರಮಾಣಪತ್ರವಿದ್ದರೆ, ಇಲ್ಲವೆ ಶಾಲೆಗೆ ಹೋಗುತ್ತಿದ್ದರೆ, ಹತ್ತು ತುಂಬಿದವನೂ ಇಳಿಯಬಹುದು. ಬಾಲಕರು ಓದಲೆಂಬುದೇ ಉದ್ದೇಶವಿದ್ದೀತು. ಆದರೂ ಮಗನು ಬೇಗ ಸಂಪಾದಿಸಲೆಂದು ತಂದೆಯೊಬ್ಬನು ಬಂದು ಕೈಯೊಡ್ಡಿದರೆ, ಆ ಪತ್ರಕ್ಕೆ ರುಜು ಹಾಕುವ ಉಪಾಧ್ಯಾಯನ ಮನಸ್ಸು ಹೇಗಿದ್ದೀತು? ಅಕ್ಷರ ಕಲಿಸಿಯೇ ಜೀವನ ಸವೆಸಿದ ನಮಗೆ ಗಣಿಯ ಮಿಕ್ಕ ಸೋಜಿಗಗಳಾವುವೂ ಅಷ್ಟಾಗಿ ನೆನಪಿಲ್ಲ.

ಹಿಂದಿರುಗುವಾಗ ಕುದುರೆಗಳ ಲಾಯ ಸಿಕ್ಕಿತು. ಬಂಡಿ ಎಳೆಯುತ್ತಿದ್ದ ಕುದುರೆಗಳು ನೆಲದಡಿಯಲ್ಲಿಯೇ ವಾಸವಾಗಿದ್ದವು. ಒಂದೊಂದು ಕಟ್ಟೆಯ ಮೇಲೂ ಒಂದೊಂದರ ಹೆಸರು. ಮೊಮ್ಮಗನು ಹಣೆಯ ದೀಪವನ್ನು ಅವುಗಳ ಮೇಲೆ ಬೀರುತ್ತ, ತಡವರಿಸದೆ, ಗಟ್ಟಿಯಾಗಿ ಓದಿಕೊಂಡು ನಡೆದನು.

"ಚೆನ್ನಾಗಿ ಓದುತ್ತೀ, ಮಗು" ಎಂದು ಆ ಹಿರಿಯರು ಮೆಚ್ಚಿದರು.

ತೊಟ್ಟಿಲು ಮೇಲೆ ಬರುವ ತನಕ ನಾವು ಅವನ ಕೈ ಬಿಡಲಿಲ್ಲ.