ನಮ್ಮ ತಂಪು, ನೆರೆಯವರ ತಾಪ

ಬೇಸಿಗೆಯಲ್ಲಿ ದೇಹವು ತಂಪನ್ನು ಬಯಸುವುದು ಸಹಜ. ಅದನ್ನು ಭೋಗಲಾಲಸೆಯೆಂದು ತಳ್ಳಿಹಾಕುವಂತಿಲ್ಲ; ವೃದ್ಧರಿಗೂ ರೋಗಿಗಳಿಗೂ ಅತಿಯಾದ ತಾಪವು ಪ್ರಾಣಕ್ಕೇ ಕುತ್ತು ತರಬಲ್ಲದು. ಆದರೆ ನಮ್ಮ ಕೋಣೆಯಿಂದ ಹೊರಹೋದ ತಾಪವು ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಶರಣಮಾರ್ಗದ ಕುಟುಂಬಗಳು ಆಲೋಚಿಸಬೇಕಾಗಿದೆ.

ಮುಧೋಳ ಸೀಮೆಯ ನಮ್ಮ ತಿಮ್ಮಾಪುರದಂತಹ ಊರುಗಳ ಹಳೆಯ ಮನೆಗಳ ರಚನೆ ಎಲ್ಲರಿಗೂ ತಿಳಿದದ್ದೇ. ಕಲ್ಲು ಮಣ್ಣಿನ ದಪ್ಪ ಗೋಡೆ, ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ, ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ನಮ್ಮ ನಡುಮನೆಗೆ ಕಿಟಕಿಯಿಲ್ಲ, ಬೆಳಕಿಂಡಿಯೊಂದೇ ಗತಿ. ಒಂದು ಬದಿಯ ಗೋಡೆ ನೆರೆಮನೆಯೊಂದಿಗೆ ಜಂಟಿಯಾಗಿದೆ. ಇನ್ನೊಂದು ಬದಿಗೆ ಎರಡು ಮೊಳದ ಸಂದಿಯಿದೆ. ಆ ನಡುಮನೆಯಲ್ಲಿಯೇ ಮಲಗುವ ನಮ್ಮ ವೃದ್ಧ ತಾಯಿಯವರಿಗೆ ಬೇಸಿಗೆಯಲ್ಲಿ ತಂಪಾದ ಕೋಣೆ ಅವಶ್ಯವೆಂದು ವೈದ್ಯರು ಹೇಳಿದಾಗ, ಎ.ಸಿ. ಕೂಡಿಸುವ ನಿರ್ಧಾರ ಮಾಡಿದೆವು.

1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಇಂಜಿನಿಯರರು ಮುದ್ರಣಾಲಯವೊಂದರ ಕಾಗದವು ತೇವದಿಂದ ಕೆಡದಿರಲೆಂದು ರೂಪಿಸಿದ ವ್ಯವಸ್ಥೆಯೇ ಇಂದಿನ ಎ.ಸಿ.ಗೆ ಮೂಲ. ಈ ಯಂತ್ರವು ಶಾಖವನ್ನು ನಾಶಮಾಡುವುದಿಲ್ಲ, ಅದರ ಸ್ಥಳವನ್ನು ಬದಲಿಸುತ್ತದೆ. ಒಂದೂವರೆ ಟನ್ನಿನ ಯಂತ್ರವು ಕೋಣೆಯಿಂದ ಸುಮಾರು 5 ಕಿಲೋವ್ಯಾಟ್ ಶಾಖವನ್ನು ಎಳೆದು, ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಅದಕ್ಕೆ ಕೂಡಿಸಿ, ಹೊರಗಿನ ಪೆಟ್ಟಿಗೆಯ ಮೂಲಕ ಹೊರಚೆಲ್ಲುತ್ತದೆ. ಆದುದರಿಂದ ಒಳಗಿನ ತಂಪಿಗಿಂತ ಹೊರಗಿನ ಬಿಸಿಯೇ ಹೆಚ್ಚು.

ಆ ಹೊರಗಿನ ಪೆಟ್ಟಿಗೆಗೆ ಜಾಗವೆಲ್ಲಿ? ಮಾಳಿಗೆಯ ಮೇಲಿಟ್ಟರೆ ಅದರ ಭಾರ ಮತ್ತು ಅದುರುವಿಕೆಯಿಂದ ಮಣ್ಣು ಸಡಿಲಗೊಂಡು ಮಳೆಗಾಲದಲ್ಲಿ ಸೋರುವ ಭಯ. ಪಡಸಾಲೆಯಲ್ಲಿಟ್ಟರೆ ಬಿಸಿಗಾಳಿ ಮರಳಿ ಮನೆಯನ್ನೇ ಸೇರುತ್ತದೆ. ಸಂದಿಯಲ್ಲಿಡುವುದು ಸುಲಭ, ಖರ್ಚೂ ಕಡಿಮೆ ಎಂದು ಮೆಕ್ಯಾನಿಕ್ ಸೂಚಿಸಿದರು. ಆದರೆ ಸಂದಿಯಾಚೆ ನೆರೆಮನೆಯ ಕಿಟಕಿ. ಆ ಕಿಟಕಿಯೊಳಗೆ ಬಾಣಂತಿ ಮತ್ತು ಹಸುಗೂಸು. ಮಾತು ಕೇಳಿಸಿಕೊಂಡ ತಾಯಿಯವರು, "ನನಗ ತಂಪಾಗಲಿ ಅಂತ ಬಾಣಂತಿ ಖೋಲಿಗೆ ಬಿಸಿಗಾಳಿ ಬಿಡಬ್ಯಾಡ್ರೆಪಾ" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಇಕ್ಕಟ್ಟಾದ ಸಂದಿಯಲ್ಲಿ ಯಂತ್ರವು ತಾನು ಬಿಟ್ಟ ಬಿಸಿಗಾಳಿಯನ್ನೇ ಮರಳಿ ಎಳೆದುಕೊಂಡು ಹೆಚ್ಚು ವಿದ್ಯುತ್ ತಿನ್ನುತ್ತದೆ ಎಂಬುದೂ ಆಮೇಲೆ ತಿಳಿಯಿತು. ನೆರೆಯವರಿಗೆ ಹಿತವಲ್ಲದ್ದು ನಮಗೂ ಹಿತವಾಗಿರಲಿಲ್ಲ.

ಕೊನೆಗೆ ಹಿತ್ತಲಿನಲ್ಲಿ, ಯಾರ ಕಿಟಕಿಗೂ ಎದುರಾಗದಂತೆ, ಕಲ್ಲಿನ ಕಟ್ಟೆಯ ಮೇಲೆ ಪೆಟ್ಟಿಗೆಯನ್ನು ಇರಿಸಿದೆವು. ತಾಮ್ರದ ಕೊಳವೆಯು ತೊಲೆ ಜಂತಿಗಳಿಗೆ ಧಕ್ಕೆಯಾಗದಂತೆ ಅಡುಗೆಮನೆಯ ಗೋಡೆಗುಂಟ ಸಾಗಿ ಹಿತ್ತಲನ್ನು ಸೇರಿತು. ಕೊಳವೆ ಎಷ್ಟು ಉದ್ದವಿರಬಹುದೆಂಬ ಮಿತಿಯನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು; ಉದ್ದ ಹೆಚ್ಚಿದಂತೆ ಅದಕ್ಕೆ ತಕ್ಕಷ್ಟು ಗ್ಯಾಸನ್ನೂ ಹೆಚ್ಚಾಗಿ ತುಂಬಿಸಬೇಕಾಗುತ್ತದೆ. ಒಳಗಿನ ಯಂತ್ರದಿಂದ ತೊಟ್ಟಿಕ್ಕುವ ನೀರಿನ ನಳಿಕೆಗೆ ಉದ್ದಕ್ಕೂ ಇಳಿಜಾರು ಇರಲೇಬೇಕು. ಇಲ್ಲವಾದರೆ ಆ ನೀರು ಮಣ್ಣಿನ ಗೋಡೆಗೆ ಇಳಿಯುತ್ತದೆ. ನಮ್ಮಲ್ಲಿ ಆ ನೀರೀಗ ಮಲ್ಲಿಗೆಯ ಬಳ್ಳಿಗೆ ಸಲ್ಲುತ್ತಿದೆ. ಖರ್ಚು ಹೆಚ್ಚಾಯಿತು, ನಿಜ. ಆದರೆ ನೆರೆಯ ಕೂಸು ನೆಮ್ಮದಿಯಿಂದ ನಿದ್ರಿಸಿತು.

ಬಳಕೆಯಲ್ಲಿಯೂ ಮಿತಿ ಬೇಕು. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಹೊಸ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವಿದೆ. ಜೊತೆಗೆ ಫ್ಯಾನು ತಿರುಗಿದರೆ ಅಷ್ಟೇ ಸಾಕು. ಹೊರಗೆ ತಂಪಾದ ರಾತ್ರಿಗಳಲ್ಲಿ ಯಂತ್ರವನ್ನು ನಿಲ್ಲಿಸಿ, ಬೆಳಕಿಂಡಿಯನ್ನು ತೆರೆದಿಡುತ್ತೇವೆ.

ನಮ್ಮಲ್ಲಿರುವ ಒಳಿತನ್ನು ಹಂಚುವುದು ದಾಸೋಹ. ನಮಗೆ ಬೇಡವಾದ ತಾಪವನ್ನು ನೆರೆಯವರಿಗೆ ಹಂಚದಿರುವುದೂ ಅದರದೇ ಒಂದು ಭಾಗವೆಂದು ನಾವು ಭಾವಿಸಿದ್ದೇವೆ.